ಚಂಚಳಬಾ ಮನೆಯ ತಂಗಾಳಿ

೧೯೬೪ರ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಗಿರಣಿಯ ಮ್ಯಾನೇಜರು ಲಿಂಗರಾಜನನ್ನು ತಮ್ಮ ಕೋಣೆಗೆ ಕರೆಸಿದರು. ನೂಲು ಕಡಿಯುತ್ತಿದೆ ಎಂದು ಬೈಯಲಿಕ್ಕೇ ಇರಬೇಕು ಎಂದುಕೊಂಡು ಅವನು ಹಿಂದಿನ ವಾರದ ತೇವದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದ. ಅಹಮದಾಬಾದಿನ ಆ ಬಟ್ಟೆ ಗಿರಣಿಯಲ್ಲಿ ಅವನ ಕೆಲಸ ಗಾಳಿಯನ್ನು ಒದ್ದೆ ಮಾಡುವುದು. ನೂಲುವ ಖಾತೆಯ ಗಾಳಿ ಒಣಗಿದರೆ ದಾರ ಪಟಪಟನೆ ಹರಿಯುತ್ತದೆ. ಅದಕ್ಕೆಂದೇ ನೀರಿನ ತುಂತುರಿನ ನಡುವೆ ಗಾಳಿ ಹಾಯಿಸಿ ಒಳಗೆ ಬಿಡುವ ದೊಡ್ಡ ದೊಡ್ಡ ಯಂತ್ರಗಳಿದ್ದವು. ಲಿಂಗರಾಜ ಅವುಗಳ ಎಂಜಿನಿಯರು. ದಾವಣಗೆರೆಯ ಗಿರಣಿಯಲ್ಲಿ ಇದೇ ಕೆಲಸ ಕಲಿತು ಆರು ವರ್ಷದ ಹಿಂದೆ ಇಲ್ಲಿಗೆ ಬಂದವನು.

ಮ್ಯಾನೇಜರು ಪಟ್ಟಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ.

"ಶಾಹಿಬಾಗಿಗೆ ಹೋಗಬೇಕು, ಸೇಠರ ಬಂಗಲೆಗೆ," ಎಂದರು. "ಮನೆಗೆಲ್ಲ ತಂಪು ಗಾಳಿ ಕೊಡುತ್ತಿದ್ದ ಯಂತ್ರ ಸತ್ತುಹೋಗಿದೆ. ಅದರ ಜಾಗಕ್ಕೆ ಯಾವುದು ಹಾಕಿಸಬೇಕು ಅಂತ ನೀವು ನೋಡಿ ಹೇಳಬೇಕಂತೆ."

"ಸಾರ್, ನಂದು ಗಾಳಿ ಒದ್ದೆ ಮಾಡೋ ಕೆಲಸ. ತಣ್ಣಗೆ ಮಾಡೋದು ಬೇರೆ ವಿದ್ಯೆ."

"ಸೇಠರಿಗೆ ಎರಡೂ ಗಾಳಿಯೇ," ಎಂದು ಮ್ಯಾನೇಜರು ಮುಂದಿನ ಕಾಗದ ಕೈಗೆತ್ತಿಕೊಂಡರು.

ಶಾಹಿಬಾಗಿನ ಆ ಬಂಗಲೆಯನ್ನು ಕಟ್ಟಿಸಿದವರು ದೊಡ್ಡ ಸೇಠರು. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಯುದ್ಧಕ್ಕೆ ಮುಂಚೆ ಒಮ್ಮೆ ಮುಂಬಯಿಯ ಸಿನಿಮಾ ಮಂದಿರವೊಂದರಲ್ಲಿ ಮೂರು ತಾಸು ತಣ್ಣಗೆ ಕೂತು ಬಂದವರು, ಸಿನಿಮಾದ ಕತೆ ಮರೆತರೂ ಗಾಳಿಯನ್ನು ಮರೆಯಲಿಲ್ಲ. ಅಮೆರಿಕದಿಂದ ಯಂತ್ರ ತರಿಸಿ ನೆಲಮಾಳಿಗೆಯಲ್ಲಿ ಕೂರಿಸಿ, ಗೋಡೆಗಳ ಒಳಗೇ ಇಟ್ಟಿಗೆಯ ಕೊಳವೆ ಕಟ್ಟಿಸಿ, ಒಂದೊಂದು ಕೋಣೆಯಲ್ಲೂ ಒಂದು ಹಿತ್ತಾಳೆಯ ಜಾಲರಿಗೆ ಅದನ್ನು ತಂದು ಬಿಟ್ಟಿದ್ದರು. ಇಪ್ಪತ್ತಾರು ವರ್ಷ ಗುಡುಗಿದ ಯಂತ್ರದ ಹೊಟ್ಟೆ ಈ ಮಾರ್ಚಿನಲ್ಲಿ ಬಿರುಕು ಬಿಟ್ಟಿತ್ತು. ಬಿಡಿಭಾಗ ತರಿಸೋಣವೆಂದರೆ ತಯಾರಿಸಿದ ಕಂಪನಿಯೇ ಮುಚ್ಚಿಹೋಗಿತ್ತು.

ಲಿಂಗರಾಜ ನೆಲಮಾಳಿಗೆಯಿಂದ ಮೇಲೆ ಬಂದು ಕೈ ಒರೆಸಿಕೊಳ್ಳುತ್ತಿದ್ದಾಗ ಹಿರಿಯ ಸೇಠ ರಸಿಕಭಾಯಿ ಅವನ ಹೆಗಲ ಮೇಲೆ ಕೈಹಾಕಿ ತೋಟದ ಬೇವಿನ ಮರದ ತನಕ ಕರೆದುಕೊಂಡು ಹೋದರು. ಗಿರಣಿಯಲ್ಲಿ ದೂರದಿಂದ ಕಾರು ಇಳಿಯುವುದನ್ನಷ್ಟೇ ಕಂಡಿದ್ದ ಯಜಮಾನರು ಹೆಗಲ ಮೇಲೆ ಕೈಯಿಟ್ಟರೆ ಯಾರಿಗಾದರೂ ಭಯವಾಗುತ್ತದೆ.

"ಲಿಂಗರಾಜಭಾಯಿ, ಈಗೆಲ್ಲ ಕಿಟಕಿಗೆ ಕೂರಿಸುವ ಸಣ್ಣ ಯಂತ್ರಗಳು ಬಂದಿವೆಯಲ್ಲ? ಕೋಣೆಗೊಂದು ಹಾಕಿ, ಕೊಳವೆಗಳನ್ನು ಇಟ್ಟಿಗೆಯಿಂದ ಮುಚ್ಚಿಬಿಡಿ ಅಂತ ಬರೆಯಿರಿ. ಎಂಜಿನಿಯರು ಹೇಳಿದರೆ ಬಾ ಒಪ್ಪುತ್ತಾರೆ. ನಾನು ಹೇಳಿದೆ ಅಂತ ಮಾತ್ರ ಗೊತ್ತಾಗಬಾರದು."

ಬಾ ಎಂದರೆ ತಾಯಿ, ಚಂಚಳಬಾ. ಎಪ್ಪತ್ತೆರಡು ವರ್ಷದ ಅವರ ಮಾತು ಮೀರಿ ಆ ಮನೆಯಲ್ಲಿ ಒಂದು ಲೋಟವೂ ಸ್ಥಳ ಬದಲಿಸುತ್ತಿರಲಿಲ್ಲ.

ಹಿಂದಿರುಗುವಾಗ ಕಿರಿಯ ಸೇಠ ನವನೀತಭಾಯಿ ಅವನನ್ನು ಕಾರು ನಿಲ್ಲಿಸುವ ಚಪ್ಪರಕ್ಕೆ ಕರೆದರು. ಮ್ಯಾಂಚೆಸ್ಟರಿನಲ್ಲಿ ಓದಿ ಬಂದವರು. ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು ಬೆವರುತ್ತಿದ್ದರು.

"ಒಬ್ಬೊಬ್ಬರಿಗೆ ಒಂದೊಂದು ಯಂತ್ರ. ಆಧುನಿಕ ಅಂದರೆ ಅದು. ಹಾಗಂತಲೇ ಬರೆಯಿರಿ. ಆದರೆ ನನ್ನ ಹೆಸರು ಎಲ್ಲೂ ಬರಕೂಡದು."

ಕೊನೆಗೆ ಬಾ ಕರೆಸಿದರು. ಪೂಜೆಯ ಕೋಣೆಯ ಹೊಸ್ತಿಲ ಒಳಗೆ ಸಣ್ಣ ಮಣೆಯ ಮೇಲೆ ಕೂತಿದ್ದರು. ಬಿಳಿ ಸೀರೆ, ಸೆರಗಿನ ತುದಿಯಲ್ಲಿ ಬೀಗದ ಕೈಗೊಂಚಲು. ಹಿಂದೆ ಬೆಳ್ಳಿಯ ತೊಟ್ಟಿಲಲ್ಲಿ ಅಂಗೈಯಷ್ಟು ಕೃಷ್ಣ. ಆ ಮನೆಯವರಿಗೆ ಅವನು ವಿಗ್ರಹವಲ್ಲ, ಠಾಕೋರ್‌ಜಿ ಎಂಬ ಹೆಸರಿನ ಎಳೆಯ ಮಗು. ಚಳಿಗೆ ರಜಾಯಿ, ಬೇಸಗೆಗೆ ಗಂಧದ ಲೇಪ, ಹಸಿವಿಗೆ ಹೊತ್ತುಹೊತ್ತಿಗೆ ತಿಂಡಿ. ತೊಟ್ಟಿಲ ಪಕ್ಕದ ಗೋಡೆಯಲ್ಲಿ ಹಿತ್ತಾಳೆಯ ಜಾಲರಿ ಚಿನ್ನದ ಹಾಗೆ ಹೊಳೆಯುತ್ತಿತ್ತು. ಬೇರೆ ಕೋಣೆಗಳಲ್ಲಿ ಹಸಿರುಗಟ್ಟಿದ ಜಾಲರಿಗಳನ್ನು ಕಂಡಿದ್ದ ಲಿಂಗರಾಜನಿಗೆ ಇದನ್ನು ದಿನವೂ ಯಾರೋ ತಿಕ್ಕುತ್ತಾರೆ ಎನ್ನಿಸಿತು.

"ಭಾಈ, ಯಂತ್ರ ಯಾವುದಾದರೂ ತರಿಸು. ಆದರೆ ಇಡೀ ಮನೆಗೆ ಒಂದೇ ಯಂತ್ರ, ಹಳೇ ಕೊಳವೆ. ಕೊಳವೆ ಮುಟ್ಟಕೂಡದು. ಠಾಕೋರ್‌ಜಿಗೆ ಈ ಗಾಳಿ ಒಗ್ಗಿಹೋಗಿದೆ. ಮತ್ತೆ, ದಿನಾ ಮಧ್ಯಾಹ್ನ ಎರಡರಿಂದ ಮೂರರ ತನಕ ಯಂತ್ರಕ್ಕೆ ವಿಶ್ರಾಂತಿ ಕೊಡಬೇಕು. ಹಿಂದಿನದಕ್ಕೂ ಕೊಡುತ್ತಿದ್ದೆ."

"ಎರಡು ಗಂಟೆಗೇ ಬಿಸಿಲು ಹೆಚ್ಚಲ್ಲವಾ ಬಾ? ಯಂತ್ರ ಬೇಕಾಗೋದೇ ಆಗ."

"ದುಡಿಯುವ ಎತ್ತಿಗೂ ಮಧ್ಯಾಹ್ನ ನೆರಳು ಬೇಕು," ಎಂದರು ಬಾ. ಮಾತು ಮುಗಿಯಿತು.

ಮಾರನೆಯ ದಿನ ಲಿಂಗರಾಜ ಅಳತೆಪಟ್ಟಿ, ಟಾರ್ಚು ಹಿಡಿದು ಮತ್ತೆ ಹೋದ. ಹೊಸ ಯಂತ್ರ ಎಷ್ಟು ದೊಡ್ಡದಿರಬೇಕೆಂದು ತಿಳಿಯಲು ಕೊಳವೆಯ ಅಗಲ ಗೊತ್ತಾಗಬೇಕಿತ್ತು. ನೆಲಮಾಳಿಗೆಯ ಕಡೆಯಿಂದ ಮುಖ್ಯ ಕೊಳವೆಯೊಳಗೆ ಮೊಣಕಾಲೂರಿ ತೆವಳಿಕೊಂಡು ಹೋದ. ಇಪ್ಪತ್ತಾರು ವರ್ಷದ ಧೂಳು, ಸತ್ತ ಜಿರಲೆ, ಯಾವುದೋ ಕಾಲದ ಮಗುವಿನ ಒಂದು ಗೋಲಿ. ತಿರುವಿನಲ್ಲಿ ಎದ್ದು ನಿಲ್ಲಲು ಹೋದವನ ತಲೆ ಠಣ್ಣೆಂದು ಇಟ್ಟಿಗೆಗೆ ಬಡಿಯಿತು, ಸೊಂಟ ಕಳಕ್ಕೆಂದಿತು. ಸುತ್ತ ಯಾರೂ ಇರಲಿಲ್ಲ. ಇದ್ದರೂ ಶಾಹಿಬಾಗಿನಲ್ಲಿ ಯಾರಿಗೆ ಕನ್ನಡ ಬರುತ್ತದೆ?

"ಈ ಮುದುಕಿ ಹಟಕ್ಕೆ ನನ್ನ ಸೊಂಟ ಮುರೀತಲ್ಲೋ ಶಿವನೇ!" ಎಂದು ಹಲ್ಲು ಕಚ್ಚಿಕೊಂಡು ಬೈದ. "ಠಾಕೋರ್‌ಜಿಗೆ ಸೆಕೆ ಅಂತೆ, ಸೆಕೆ!"

ಹೊರಗೆ ಬಂದು ಮುಖ ತೊಳೆದುಕೊಳ್ಳುವಷ್ಟರಲ್ಲಿ ಬಾ ಕರೆಯುತ್ತಿದ್ದಾರೆ ಎಂದು ಹೇಳಿಕೆ ಬಂತು. ಅವರು ನಿನ್ನೆಯ ಮಣೆಯ ಮೇಲೇ ಇದ್ದರು. ಮುಂದೆ ಒಂದು ಲೋಟ ಮಜ್ಜಿಗೆ ಇಟ್ಟಿದ್ದರು.

"ಕುಡಿ ಭಾಈ. ಸೊಂಟ ಹಿಡಿದುಕೊಂಡು ನಡೆಯುತ್ತಿದ್ದೀಯಲ್ಲ, ಏನಾಯಿತು?"

"ಸೊಂಟಕ್ಕಾ?"

ಬಾ ಕಣ್ಣು ಮುಚ್ಚಿ, ಸ್ತೋತ್ರ ಒಪ್ಪಿಸುವವರ ಹಾಗೆ, ಒಂದೊಂದೇ ಅಕ್ಷರ ಎಳೆದು ಹೇಳಿದರು: "ಇ ಮುದ್‌ಕೀ ಹಟಕ್ಕೇ ನನ್ನ ಸೋಂಟ ಮುರೀತಲ್ಲೋ." ಆಮೇಲೆ ಕಣ್ಣು ತೆರೆದರು. "ಠಾಕೋರ್‌ಜಿ ಅಂದೆ, ಅದು ತಿಳಿಯಿತು. ಹಟ ಅಂದೆ. ಹಠ ನಮ್ಮ ಭಾಷೆಯಲ್ಲೂ ಹಠವೇ. ಅದೂ ತಿಳಿಯಿತು. ಈ ಮುದ್‌ಕೀ ಯಾರು?"

ಲಿಂಗರಾಜ ಬಾಯಿಗೆತ್ತಿದ ಲೋಟವನ್ನು ಕೆಳಗಿಟ್ಟ.

"ಮುದುಕಿ ಅಂದರೆ... ಹಿರಿಯರು ಬಾ. ಮನೆಗೆ ಹಿರಿಯರು."

"ನಿಮ್ಮ ಊರಲ್ಲಿ ಹಿರಿಯರನ್ನು ಹಲ್ಲು ಕಚ್ಚಿಕೊಂಡು ಕರೆಯುತ್ತಾರೇನು?"

 ಅವನ ಕಣ್ಣು ಹೊಳೆಯುವ ಜಾಲರಿಯ ಕಡೆ ಹೊರಳಿತು, ಅಲ್ಲಿಂದ ಬಾ ಕೂತ ಮಣೆಗೆ. ಜಾಲರಿಗೂ ಮಣೆಗೂ ನಡುವೆ ಒಂದು ಗೇಣು. ಎರಡರಿಂದ ಮೂರರ ವಿಶ್ರಾಂತಿ ಯಾರಿಗೆ, ಏತಕ್ಕೆ ಎಂಬುದು ಅವನಿಗೆ ಆಗ ಹೊಳೆಯಿತು. ಅಣ್ಣ ತಮ್ಮ ಇಬ್ಬರೂ ತನ್ನನ್ನು ಗೋಡೆಗಳಿಂದ ದೂರ ಒಯ್ದು ಮಾತಾಡಿದ್ದೇಕೆ ಎಂಬುದೂ ಹೊಳೆಯಿತು.

ಅವನಿಗೆ ಗೊತ್ತಾಗಿದ್ದು ಬಾ ಅವರಿಗೂ ಗೊತ್ತಾಯಿತು. ಅವರು ಸೆರಗು ಸರಿಮಾಡಿಕೊಂಡು ದನಿ ತಗ್ಗಿಸಿದರು.

"ಯಂತ್ರ ಗುಡುಗುವಾಗ ಏನೂ ಕೇಳಿಸುವುದಿಲ್ಲ. ಅದಕ್ಕೇ ಆ ಒಂದು ತಾಸು. ತಪ್ಪು ಅಂತೀಯಾ? ಸೇಠರಿದ್ದಾಗ ನನಗೆ ಎಲ್ಲ ಗೊತ್ತಿರುತ್ತಿತ್ತು. ಈಗ ಯಾರನ್ನು ಏನು ಕೇಳಿದರೂ ಒಂದೇ ಉತ್ತರ. 'ಬಧು ಸಾರೂ ಛೇ ಬಾ, ಎಲ್ಲ ಚೆನ್ನಾಗಿದೆ.' ಗಿರಣಿಯಲ್ಲಿ ಮುಷ್ಕರವಾದರೂ ಚೆನ್ನಾಗಿದೆ, ರಸಿಕನಿಗೆ ರಾತ್ರಿಯೆಲ್ಲ ಕೆಮ್ಮಾದರೂ ಚೆನ್ನಾಗಿದೆ. ಇಷ್ಟು ಚೆನ್ನಾಗಿರುವ ಮನೆಯಲ್ಲಿ ನಾನು ಯಾಕಿರಬೇಕು? ಕೆಮ್ಮು ಕೇಳಿಸಿದ ಮಾರನೆಯ ದಿನ ಸುಮ್ಮನೆ ಶುಂಠಿ ಕಷಾಯ ಕಳಿಸುತ್ತೇನೆ. ಠಾಕೋರ್‌ಜಿ ಕನಸಿನಲ್ಲಿ ಹೇಳಿದ ಅನ್ನುತ್ತೇನೆ."

ಲಿಂಗರಾಜನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಜ್ಜಿಗೆ ಮುಗಿಸಿ ಎದ್ದ.

"ಭಾನುವಾರ ಮುಂಬಯಿಯಿಂದ ಹೊಸ ಯಂತ್ರದ ಕಂಪನಿಯವನು ಬರುತ್ತಾನಂತೆ," ಎಂದರು ಬಾ. "ನೀನೂ ಬಾ. ಹೆಂಡತಿಯನ್ನೂ ಕರೆದುಕೊಂಡು ಬಾ. ನಿನ್ನ ಬಾಯಿಯ ಜೊತೆ ಬಾಳುವವಳನ್ನು ನೋಡಬೇಕು."

ಲಿಂಗರಾಜನ ಸಂಸಾರ ಮಣಿನಗರದಲ್ಲಿತ್ತು, ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಎರಡನೆಯ ಮಹಡಿಯ ಎರಡು ಕೋಣೆ. ಅವನು ಸಂಜೆ ನಡೆದದ್ದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವನ ಹೆಂಡತಿ ಗೌರಮ್ಮ ನಕ್ಕು ನಕ್ಕು ಗೋಡೆಗೆ ಒರಗಿ ಕೂತಿದ್ದಳು.

"ಇನ್ನೊಂದ್ಸಲ ಹೇಳ್ರಿ, ಹೆಂಗಂದ್ರು? ಮುದ್‌ಕೀ?"

"ನಗಬ್ಯಾಡ ಗೌರಾ. ನನ್ನ ನೌಕ್ರಿ ಪ್ರಶ್ನೆ. ಮಕ್ಕಳ ಮಾತು ಕೇಳಿದ್ರೆ ಅವ್ವಗೆ ಸಿಟ್ಟು, ಅವ್ವನ ಮಾತು ಕೇಳಿದ್ರೆ ಮಕ್ಕಳಿಗೆ ಸಿಟ್ಟು."

"ನೀವ್ಯಾಕ್ರೀ ಯಾರ ಮಾತೂ ಕೇಳ್ತೀರಿ? ಗಾಳಿ ಮಾತು ಕೇಳ್ರಿ. ಆ ಮನಿಗೆ ಯಾವ್ದು ಸರಿ?"

"ದೊಡ್ಡ ಯಂತ್ರನೇ ಸರಿ. ಎರಡಡಿ ಗೋಡೆ, ಅದನ್ನ ಎಂಟು ಕಡೆ ಒಡದ್ರೆ ಮನಿ ಗತಿ ಏನಾಗ್ಬೇಕು? ಹಳೇ ವೈರು ಎಂಟು ಯಂತ್ರ ತಡಿಯೋದಿಲ್ಲ. ಕೊಳವೆ ಅಂತೂ ಬಂಗಾರದಂಗೆ ಐತೆ."

"ಮತ್ತೆ ಹಂಗೇ ಬರೀರಿ. ಯಾರ ಮನ್ಯಾಗ ಯಾರು ಏನು ಕೇಳಿಸ್ಕೋತಾರೆ ಅನ್ನೋದು ಎಂಜಿನೇರನ ಕೆಲ್ಸ ಅಲ್ಲ."

ಅವನು ಹಾಗೆಯೇ ಬರೆದ. ಶನಿವಾರ ವರದಿ ಓದಿದ ರಸಿಕಭಾಯಿ ಗಿರಣಿಯ ಅಂಗಳದಲ್ಲಿ ಅವನನ್ನು ನಿಲ್ಲಿಸಿ, "ಬೇವಿನ ಮರದ ಕೆಳಗೆ ನಾನು ಹೇಳಿದ್ದು ಮರೆತಿರಾ?" ಎಂದರು. "ನೆನಪಿದೆ ಸೇಠ್‌ಜಿ. ಗೋಡೆ ಒಪ್ಪಲಿಲ್ಲ," ಎಂದ ಲಿಂಗರಾಜ. ರಸಿಕಭಾಯಿ ಉಸಿರು ಬಿಟ್ಟು ಕಾರು ಹತ್ತಿದರು.

ಭಾನುವಾರ ಬಂಗಲೆಯ ದಿವಾನಖಾನೆಯಲ್ಲಿ ಎಲ್ಲರೂ ಸೇರಿದರು. ಗಾದಿಯ ಮೇಲೆ ಬಾ. ಒಂದು ಪಕ್ಕದಲ್ಲಿ ಮಕ್ಕಳಿಬ್ಬರು. ಇನ್ನೊಂದು ಪಕ್ಕದಲ್ಲಿ ಹಿರಿಸೊಸೆ ಸರಯೂಬೆನ್, ಕಿರಿಸೊಸೆ ಜ್ಯೋತ್ಸ್ನಾ, ಅವರ ಜೊತೆ ಗೌರಮ್ಮ. ತರಕಾರಿ ಪೇಟೆಯಲ್ಲಿ ಚೌಕಾಸಿ ಮಾಡುತ್ತಲೇ ಗುಜರಾತಿ ಕಲಿತ ಗೌರಮ್ಮನ ಮಾತಿಗೆ ಸೊಸೆಯರು ಆಗಲೇ ಎರಡು ಸಲ ಬಾಯಿಗೆ ಸೆರಗು ಒತ್ತಿ ನಕ್ಕಿದ್ದರು. ಎಲ್ಲರ ಕೈಯಲ್ಲೂ ಬೀಸಣಿಗೆ. ಮುಂಬಯಿಯ ಕಂಪನಿಯ ಶ್ರೀಪಾದ ಎಂಬಾತ ಕೋಟು ತೊಟ್ಟು, ನೆತ್ತಿಯಿಂದ ಬೆವರಿಳಿಸುತ್ತ, ತಂಪಿನ ಬಗ್ಗೆ ಮಾತಾಡುತ್ತಿದ್ದ.

"ಈ ಯಂತ್ರದ ಪಂಖ ತಿರುಗುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಬೇಕು, ಅಷ್ಟು ನಿಶ್ಶಬ್ದ. ಇನ್ನೊಂದು ವಿಶೇಷ. ಹಳೆಯ ಇಟ್ಟಿಗೆ ಕೊಳವೆಗಳಲ್ಲಿ ಒಂದು ಕೋಣೆಯ ಮಾತು ಇನ್ನೊಂದಕ್ಕೆ ಹರಿಯುತ್ತದೆ. ನಾವು ಕೊಳವೆಯ ಒಳಗೆಲ್ಲ ದಪ್ಪ ಫೆಲ್ಟ್ ಬಟ್ಟೆ ಹಚ್ಚುತ್ತೇವೆ. ಪಿಸುಮಾತೂ ದಾಟುವುದಿಲ್ಲ!"

ದಿವಾನಖಾನೆಯಲ್ಲಿ ಬೀಸಣಿಗೆಗಳೆಲ್ಲ ಒಟ್ಟಿಗೆ ನಿಂತವು.

"ಪಿಸುಮಾತೂ?" ಎಂದರು ರಸಿಕಭಾಯಿ. ಅವರ ಮುಖ ಅರಳಿತ್ತು.

"ಒಂದಕ್ಷರವೂ ಇಲ್ಲ ಸೇಠ್‌ಜಿ."

"ಹಾಗಾದರೆ ದೊಡ್ಡ ಯಂತ್ರವೇ ಆಗಲಿ," ಎಂದರು ನವನೀತಭಾಯಿ ಅವಸರವಾಗಿ. "ನನ್ನದೇನೂ ಅಡ್ಡಿಯಿಲ್ಲ. ಫೆಲ್ಟ್ ಹಚ್ಚಿಸಿ."

ಬಾ ಕಂಬದ ಹಾಗೆ ಕೂತಿದ್ದರು. 

"ಹಚ್ಚಿಸಿ," ಎಂದರು ಕೊನೆಗೆ. "ಸಾಕಷ್ಟು ಕೇಳಿದ್ದಾಗಿದೆ. ಹೋದ ದೀಪಾವಳಿಗೆ ರಸಿಕ ಹೇಳಿದ್ದೂ ಕೇಳಿದೆ, ರೇಸಿನ ಕುದುರೆ ವಿಷಯ..."

"ಬಾ!" ಎಂದರು ರಸಿಕಭಾಯಿ.

"ನವನೀತ ಮೌಂಟ್ ಆಬುವಿನಲ್ಲಿ ಕಾರನ್ನು ಹಳ್ಳಕ್ಕೆ ಇಳಿಸಿದ್ದೂ ಕೇಳಿದೆ."

ನವನೀತಭಾಯಿ ನೆಲ ನೋಡಿದರು. ಶ್ರೀಪಾದ ತನ್ನ ಯಂತ್ರಗಳ ಚಿತ್ರಪುಸ್ತಕ ನೋಡಿದ.

ಆಗ ಒಂದು ಸಣ್ಣ ದನಿ ಬಂತು. ಹಿರಿಯರೆದುರು ಎಂದೂ ಬಾಯಿ ತೆರೆಯದ ಜ್ಯೋತ್ಸ್ನಾಳ ದನಿ.

"ನಮ್ಮ ಕೋಣೆಯ ಕೊಳವೆಗೆ ಫೆಲ್ಟ್ ಬೇಡ."

"ಯಾಕೆ?" ಎಂದರು ಅವಳ ಗಂಡ, ಬಾಯಿ ತೆರೆದುಕೊಂಡು.

ಜ್ಯೋತ್ಸ್ನಾ ಸರಯೂಬೆನ್ನರ ಮುಖ ನೋಡಿದಳು. ಸರಯೂಬೆನ್ ನಿಟ್ಟುಸಿರು ಬಿಟ್ಟು ತಾವೇ ಹೇಳಿದರು.

"ಬಾ, ಆ ಕೊಳವೆಯಲ್ಲಿ ಮಾತು ನಿಮ್ಮ ಕಡೆಗೆ ಮಾತ್ರ ಹೋಗುವುದಿಲ್ಲ. ನಮ್ಮ ಕಡೆಗೂ ಬರುತ್ತದೆ."

"ಅಂದರೆ?"

"ಬೆಳಗಿನ ಪೂಜೆಯಲ್ಲಿ ನೀವು ಠಾಕೋರ್‌ಜಿಯ ಹತ್ತಿರ ಮಾತಾಡುತ್ತೀರಲ್ಲ. ಆ ಹೊತ್ತಿಗೆ ಯಂತ್ರ ಇನ್ನೂ ಶುರುವಾಗಿರುವುದಿಲ್ಲ. ಅದು ನಮಗೆ ಕೇಳಿಸುತ್ತದೆ."

ಬಾ ಅವರ ಮುಖದ ಬಣ್ಣ ಹೋಗಿ, ಬೇರೊಂದು ಬಣ್ಣ ಬಂತು.

"ಎಲ್ಲವೂ?"

"ಎಲ್ಲವೂ."

"ಎಷ್ಟು ವರ್ಷದಿಂದ?"

"ನಾನು ಮದುವೆಯಾಗಿ ಬಂದಾಗಿನಿಂದ. ಹದಿನೆಂಟು ವರ್ಷ."

"ನನಗೆ ಒಂದು ಮಾತು ಹೇಳಲಿಲ್ಲವಲ್ಲ!" ಎಂದರು ರಸಿಕಭಾಯಿ.

"ನೀವು ಆಗ ಗೊರಕೆ ಹೊಡೆಯುತ್ತಿರುತ್ತೀರಿ," ಎಂದರು ಸರಯೂಬೆನ್. ಆಮೇಲೆ ಅತ್ತೆಯ ಕಡೆ ತಿರುಗಿದರು. "ಮೊದಲ ವರ್ಷ ಪ್ರತಿದಿನ ಠಾಕೋರ್‌ಜಿಗೆ ಹೇಳುತ್ತಿದ್ದಿರಿ, ಈ ಹುಡುಗಿಯ ರೋಟ್ಲಿ ಚಪ್ಪಲಿಯ ಹಾಗಿರುತ್ತೆ, ನಿನ್ನ ಹಲ್ಲು ಜೋಪಾನ ಅಂತ. ನನಗೆ ಎಷ್ಟು ಸಿಟ್ಟು! ಆ ಸಿಟ್ಟಿಗೇ ಕಲಿತೆ. ಎರಡನೇ ವರ್ಷ ಒಂದು ದಿನ, ನಿನ್ನೆ ನಾಲ್ಕು ತಿಂದೆ ಕಣೋ, ಅಂದಿರಿ. ಅವತ್ತು ಹಾಸಿಗೆಯಲ್ಲೇ ಕೂತು ಅತ್ತುಬಿಟ್ಟೆ."

"ನಾನು ಸೂರತ್‌ನಿಂದ ಬಂದ ಹೊಸದರಲ್ಲಿ," ಎಂದಳು ಜ್ಯೋತ್ಸ್ನಾ, ಯಾರ ಮುಖವನ್ನೂ ನೋಡದೆ, "ತೌರು ನೆನೆಸಿಕೊಂಡು ಅಳುತ್ತಿದ್ದೆ. ಒಂದು ಬೆಳಗ್ಗೆ ನೀವು ಹೇಳಿದಿರಿ, ಅದೂ ನಿನ್ನ ಹಾಗೇ ಇನ್ನೊಬ್ಬರ ಮನೆಗೆ ಬಂದ ಮಗು, ಅದನ್ನು ನೋಡಿಕೋ ಅಂತ. ಎದುರಿಗೆ ನೀವು ನನ್ನ ಹತ್ತಿರ ಹಾಗೆಲ್ಲ ಮಾತಾಡುವುದೇ ಇಲ್ಲವಲ್ಲ ಬಾ."

 ಬಾ ಬೀಗದ ಕೈಗೊಂಚಲನ್ನು ಬೆರಳಿಂದ ಎಣಿಸುತ್ತ ಕೂತರು. ಮಗ ಸೊಸೆಯರ ಗುಟ್ಟು ಕೇಳಿದ್ದಕ್ಕೆ ಅವರಿಗೆ ನಾಚಿಕೆಯಾದಂತೆ ಕಾಣಲಿಲ್ಲ. ತಮ್ಮ ಗುಟ್ಟು ಹದಿನೆಂಟು ವರ್ಷ ಬಯಲಾಗಿತ್ತಲ್ಲ ಎಂಬುದೇ ಅವರನ್ನು ಕುಗ್ಗಿಸಿದ್ದು.

"ಫೆಲ್ಟ್ ಬೇಕು," ಎಂದರು ನವನೀತಭಾಯಿ, ಸ್ವಲ್ಪ ಮೆತ್ತಗಾಗಿ. "ನನಗೂ ಒಂದು ಖಾಸಗಿ ಮಾತು ಇರುತ್ತಲ್ಲ."

"ಬೇಡ," ಎಂದಳು ಜ್ಯೋತ್ಸ್ನಾ.

"ಅದು ನನ್ನ ಕೋಣೆಯೂ ಹೌದು."

"ನನ್ನದೂ ಹೌದು."

ಜಾಲರಿ ಒಂದೇ, ಗಂಡ ಹೆಂಡತಿ ಇಬ್ಬರು. ಶ್ರೀಪಾದನ ಪುಸ್ತಕದಲ್ಲಿ ಇದಕ್ಕೆ ಚಿತ್ರವಿರಲಿಲ್ಲ. ಎಲ್ಲರೂ ಲಿಂಗರಾಜನ ಕಡೆ ನೋಡಿದರು. ಅವನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಗೌರಮ್ಮ ತನ್ನ ಪೇಟೆ ಗುಜರಾತಿಯಲ್ಲಿ ಬಾ ಅವರಿಗೆ ಸಮಾಧಾನ ಹೇಳಲು ಹೊರಟಳು.

"ನೀವು ಬೇಜಾರು ಮಾಡಿಕೊಳ್ಳಬೇಡಿ ಬಾ. ಮಣಿನಗರದಲ್ಲಿ ನಮಗೆ ಕೊಳವೆಯೇ ಬೇಕಿಲ್ಲ. ಕಿಟಕಿ ತೆರೆದಿಟ್ಟರೆ ನಮ್ಮ ಮಾತು ಓಣಿಗೆಲ್ಲ ಕೇಳುತ್ತದೆ, ಓಣಿಯ ಮಾತೆಲ್ಲ ನಮಗೆ ಕೇಳುತ್ತದೆ. ಮುಚ್ಚಿದರೆ ಸೆಕೆಗೆ ಜೀವ ಹೋಗುತ್ತದೆ. ಗುಟ್ಟಿನ ಮಾತಿದ್ದರೆ ಕಿಟಕಿ ಮುಚ್ಚಿಕೊಂಡು ಬೇಯುತ್ತೇವೆ, ಮುಗಿದ ಮೇಲೆ ತೆರೆಯುತ್ತೇವೆ. ಬೇಯಬೇಕಲ್ಲ ಅಂತ ಗುಟ್ಟೂ ಕಡಿಮೆ."

ಲಿಂಗರಾಜ ಹೆಂಡತಿಯನ್ನು ಒಂದು ಕ್ಷಣ ನೋಡಿದ. ಆಮೇಲೆ ಜೇಬಿನಿಂದ ಪೆನ್ಸಿಲು ತೆಗೆದು ಶ್ರೀಪಾದನ ಪುಸ್ತಕದ ಹಿಂದಿನ ಪುಟದಲ್ಲಿ ಗೀಚತೊಡಗಿದ.

"ಕೊಳವೆಗೆ ಫೆಲ್ಟ್ ಬೇಡ ಸೇಠ್‌ಜಿ," ಎಂದ. "ಒಂದೊಂದು ಜಾಲರಿಯ ಹಿಂದೆ ಒಂದು ತಗಡಿನ ಬಾಗಿಲು. ಅದಕ್ಕೆ ಮಾತ್ರ ದಪ್ಪ ಫೆಲ್ಟ್. ಪಕ್ಕದಲ್ಲಿ ಒಂದು ಹಿತ್ತಾಳೆ ಹಿಡಿ. ತಿರುಗಿಸಿದರೆ ಮುಚ್ಚುತ್ತದೆ, ಮಾತು ಹೊರಗೆ ಹೋಗುವುದಿಲ್ಲ."

"ಆದರೆ ಗಾಳಿಯೂ ಒಳಗೆ ಬರುವುದಿಲ್ಲವಲ್ಲ!" ಎಂದ ಶ್ರೀಪಾದ, ವೃತ್ತಿಗೇ ಅವಮಾನವಾದವನಂತೆ.

"ಬರುವುದಿಲ್ಲ."

"ಮೇ ತಿಂಗಳಲ್ಲಿ?"

"ಮೇ ತಿಂಗಳಲ್ಲೂ."

ನವನೀತಭಾಯಿ ಅದನ್ನು ಮನಸ್ಸಿನಲ್ಲೇ ಒಮ್ಮೆ ಮಾಡಿ ನೋಡಿದರು. "ಅಂದರೆ, ಗುಟ್ಟು ಹೇಳುವವನು ಬೆವರಬೇಕು."

"ಹೌದು."

 ಬಾ ಅವರ ಹೆಗಲು ಕುಲುಕಿತು. ಕೈಗೊಂಚಲು ಝಣಝಣಿಸಿತು. ಅವರು ನಗುತ್ತಿದ್ದಾರೆಂದು ಮಕ್ಕಳಿಗೆ ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಆ ನಗು ನೋಡಿ ಬಹಳ ಕಾಲವಾಗಿತ್ತು.

"ಮಾಡಿಸು," ಎಂದರು ಕಣ್ಣೊರೆಸಿಕೊಂಡು. "ನನ್ನ ಜಾಲರಿಗೂ ಒಂದು ಬಾಗಿಲು ಇಡಿಸು. ನನಗೂ ಠಾಕೋರ್‌ಜಿಗೂ ಮಾತಿರುತ್ತದೆ."

ಯಂತ್ರ ಮುಂಬಯಿಯಿಂದ ಬರಲು ಐದು ವಾರ ಹಿಡಿಯಿತು. ಬಾಗಿಲುಗಳನ್ನು ಲಿಂಗರಾಜ ವಡೋದರೆಯ ಗೋರ್ವಾದಲ್ಲಿದ್ದ ಒಂದು ತಗಡಿನ ಕಾರ್ಖಾನೆಯಲ್ಲಿ ಮಾಡಿಸಿದ. ಮೂರು ಸಲ ಬೆಳಗಿನ ರೈಲಿಗೆ ಹೋಗಿ ಬಂದ. ಮೊದಲ ಸಲ ಮಾಡಿಕೊಟ್ಟವು ಮುಚ್ಚುವಾಗ ಕಿರ್ರೆಂದವು. ಇನ್ನು ಯಾರು ಯಾವಾಗ ಬಾಗಿಲು ಮುಚ್ಚಿದರು ಎಂದು ಊರಿಗೇ ಸಾರಿದಂತಾಗುತ್ತದೆ ಎಂದು ಅವನು ಎಂಟನ್ನೂ ಹಿಂದಿರುಗಿಸಿದ. ಎರಡನೆಯ ಸಲದವು ಬಿಗಿಯಾಗಿ ಕೂತವು, ಆದರೆ ಬಾ ಅವರ ಕೈಗೆ ಹಿಡಿ ತಿರುಗುವಷ್ಟು ಸಡಿಲವಾಗಿರಲಿಲ್ಲ. ಮೂರನೆಯ ಸಲ ಸರಿಹೋದವು. ಹಳೆಯ ಯಂತ್ರವನ್ನು ನೆಲಮಾಳಿಗೆಯಿಂದ ಎತ್ತಿ ಎಳೆಯುವಾಗ ಬಾ ಅದಕ್ಕೆ ಕುಂಕುಮ ಹಚ್ಚಿ ಒಂದು ತೆಂಗಿನಕಾಯಿ ಒಡೆಸಿದರು.

ಜೂನ್ ಎರಡನೆಯ ಭಾನುವಾರ ಹೊಸ ಯಂತ್ರ ಶುರುವಾಯಿತು. ಮಳೆ ಇನ್ನೂ ಬಂದಿರಲಿಲ್ಲ. ಸಾಬರಮತಿಯ ಮರಳು ಬಿಸಿಲಿಗೆ ಕುದಿಯುತ್ತಿತ್ತು. ಲಿಂಗರಾಜ ಗುಂಡಿ ಒತ್ತಿ ಮೇಲೆ ಬರುವಷ್ಟರಲ್ಲಿ ಸೊಸೆಯರು ಜಾಲರಿಯ ಮುಂದೆ ಕೂದಲು ಬಿಚ್ಚಿ ನಿಂತಿದ್ದರು. ಪಂಖದ ಸದ್ದೇ ಇರಲಿಲ್ಲ. ಈ ಒಂದು ಮಾತನ್ನು ಶ್ರೀಪಾದ ಉಬ್ಬಿಸಿ ಹೇಳಿರಲಿಲ್ಲ. ಊಟಕ್ಕೆ ಮಾವಿನ ರಸ, ಪೂರಿ. ಲಿಂಗರಾಜನಿಗೆ ರಸಿಕಭಾಯಿಯೇ ಎರಡನೆಯ ಬಟ್ಟಲು ಬಡಿಸಿದರು.

ಊಟವಾದ ಮೇಲೆ ರಸಿಕಭಾಯಿ ಸರಯೂಬೆನ್ನರನ್ನು ಕಣ್ಣಲ್ಲೇ ಕರೆದು ತಮ್ಮ ಕೋಣೆಗೆ ಹೋದರು. ಹಿಡಿ ತಿರುಗಿದ ಸದ್ದು ಯಾರಿಗೂ ಕೇಳಿಸಲಿಲ್ಲ. ಕಾಲು ಗಂಟೆಯ ಮೇಲೆ ಅವರು ಹೊರಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಾ ಏನೂ ಕೇಳಲಿಲ್ಲ. "ಜ್ಯೋತ್ಸ್ನಾ, ಅವನಿಗೆ ಒಂದು ಲೋಟ ಮಜ್ಜಿಗೆ ಕೊಡು," ಎಂದರು ಅಷ್ಟೆ. ರಸಿಕಭಾಯಿ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಯಾರನ್ನೂ ನೋಡದೆ ಹೇಳಿದರು:

"ಗುಟ್ಟೇನಿಲ್ಲ ಬಾ. ಡಾಕ್ಟರು ಸಿಗರೇಟು ಬಿಡು ಅಂದಿದ್ದಾರೆ."

"ಬಿಡು ಮತ್ತೆ," ಎಂದರು ಬಾ. 

ಆಮೇಲೆ ಅವರು ಮಣೆಯಿಂದ ಎದ್ದರು. "ಗೌರೀಬೆನ್, ಒಂದು ನಿಮಿಷ ಬಾ," ಎಂದು ಗೌರಮ್ಮನನ್ನು ಪೂಜೆಯ ಕೋಣೆಗೆ ಕರೆದುಕೊಂಡು ಹೋಗಿ ಕದ ಹಾಕಿಕೊಂಡರು. ಎಲ್ಲರೂ ತಂತಮ್ಮ ಕೋಣೆಗೆ ಹೋದರು. ದಿವಾನಖಾನೆಯಲ್ಲಿ ಒಬ್ಬನೇ ಉಳಿದ ಲಿಂಗರಾಜನಿಗೆ ತೆರೆದ ಬಾಗಿಲಿನಿಂದ ನವನೀತಭಾಯಿ ಕಂಡರು. ಮ್ಯಾಂಚೆಸ್ಟರಿನಲ್ಲಿ ಓದಿದ ಆ ಮನುಷ್ಯ ಮಂಡಿಯೂರಿ ಜಾಲರಿಗೆ ಕಿವಿ ಹಚ್ಚಿದ್ದರು. ಅವರ ಪಕ್ಕದಲ್ಲೇ ಜ್ಯೋತ್ಸ್ನಾ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಏನೂ ಕೇಳಿಸುತ್ತಿರಲಿಲ್ಲ. ಬಾ ಜಾಲರಿಯ ಬಾಗಿಲು ಮುಚ್ಚಿಬಿಟ್ಟಿದ್ದರು.

ಅರ್ಧ ಗಂಟೆ ಕಳೆದು ಕದ ತೆರೆಯಿತು. ಬಾ ಅವರ ಹಣೆಯ ಮೇಲೆ ಬೆವರಿನ ಹನಿ ಸಾಲುಗಟ್ಟಿದ್ದವು. ಮುಖ ಮಾತ್ರ ಎಳೆಯ ಹುಡುಗಿಯದಂತೆ ಇತ್ತು.

"ಬಾ, ಇಷ್ಟು ಹೊತ್ತು ಏನು ಮಾತಾಡಿದಿರಿ?" ಎಂದರು ನವನೀತಭಾಯಿ, ತಡೆಯಲಾರದೆ.

"ಒಳಗೆ ಬಹಳ ಸೆಕೆ," ಎಂದರು ಬಾ. "ನೀರು ಕೊಡಿ."

ಸಂಜೆ ಗಂಡ ಹೆಂಡತಿ ಲಾಲ್ ದರವಾಜಾದಿಂದ ಮಣಿನಗರದ ಬಸ್ಸು ಹಿಡಿದರು. ಜನ ಕಿಕ್ಕಿರಿದಿದ್ದರು. ಲಿಂಗರಾಜ ಬೇಕೆಂದೇ ಮೂರು ಸ್ಟಾಪು ಕೇಳದೆ ತಡೆದುಕೊಂಡ. ನಾಲ್ಕನೆಯದಕ್ಕೆ ಆಗಲಿಲ್ಲ.

"ಏನಂದ್ರು ಗೌರಾ, ಅರ್ಧ ಗಂಟೆ?"

"ಏನೂ ಅನ್ಲಿಲ್ಲ ರೀ."

"ಸುಳ್ಳು."

"ನಿಮ್ಮಾಣೆ. ಬಾಗ್ಲು ಹಾಕಿ, ನನ್ನ ಮಣಿ ಮ್ಯಾಲೆ ಕುಂದ್ರಿಸಿ, ತಾವು ನೆಲದ ಮ್ಯಾಲೆ ಕುಂತು ಜಪಮಾಲೆ ತಿರುವಿದ್ರು. ನಾನು ಬೆವತು ಬೆವತು ಸಾಕಾಗಿ, ಏನಾರ ಹೇಳೋದೈತೇನು ಬಾ ಅಂತ ಕೇಳ್ದೆ. ಬಾಯಿ ಮ್ಯಾಲೆ ಬೆರಳಿಟ್ಟು, ಜಾಲರಿ ಕಡೆ ತೋರಿಸಿ ಅಂದ್ರು, 'ಸುಮ್ನಿರು. ಇನ್ನೊಂದು ಸ್ವಲ್ಪ ಹೊತ್ತು ಮಕ್ಕಳು ಕಿವಿ ಹಚ್ಕೊಂಡು ಕುಂತಿರ್ಲಿ.'"

ಲಿಂಗರಾಜ ಎಷ್ಟು ಜೋರಾಗಿ ನಕ್ಕನೆಂದರೆ, ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರೊಬ್ಬರು ಎಚ್ಚರಗೊಂಡು, ತಮ್ಮ ಸ್ಟಾಪು ಬಂತೆಂದುಕೊಂಡು ಇಳಿದುಹೋದರು.